ಘಾಟಿ ಹತ್ತಲು ಜಾವಾ, ಇಳಿಯಲು ಬುಲೆಟ್

ಮೈಸೂರಿನಿಂದ ದಕ್ಷಿಣಕ್ಕೆ ಹೊರಟ ಹೆದ್ದಾರಿ ನಂಜನಗೂಡು, ಬೇಗೂರುಗಳನ್ನು ದಾಟಿ, ಸುಮಾರು 60 ಕಿ.ಮೀ. ದೂರದ ಗುಂಡ್ಲುಪೇಟೆಗೆ ಬಂದು ಕವಲೊಡೆಯುತ್ತದೆ. ಒಂದು ಕವಲು ಬಂಡೀಪುರದ ಕಾಡು ಹೊಕ್ಕು ತೆಪ್ಪಕಾಡಿನ ಮೂಲಕ ಊಟಿಯ ಬೆಟ್ಟ ಏರುತ್ತದೆ. ಇನ್ನೊಂದು ಮೂಲೆಹೊಳೆ, ಮುತ್ತಂಗ ಹಾದು ಕೇರಳದ ಸುಲ್ತಾನ್ ಬತ್ತೇರಿಗೆ ಹೋಗುತ್ತದೆ. ಮೂರನೆಯದು ತೆರಕಣಾಂಬಿಯ ಮೇಲೆ ಪೂರ್ವಕ್ಕೆ, ಚಾಮರಾಜನಗರಕ್ಕೆ. ಅಲ್ಲಿಂದ ಪುಣಜನೂರು, ಹಾಸನೂರು ದಾಟಿ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಇಳಿದರೆ ಸತ್ಯಮಂಗಲ. ಮೈಸೂರಿನ ರೈಲು ಚಾಮರಾಜನಗರದಲ್ಲೇ ನಿಲ್ಲುತ್ತದೆ. ಗುಂಡ್ಲುಪೇಟೆಗಂತೂ ರೈಲೇ ಇಲ್ಲ. ಯಾವ ದಿಕ್ಕಿಗೆ ಹೊರಟರೂ ಮೊದಲು ಬಯಲು, ಆಮೇಲೆ ಕಾಡು, ಕೊನೆಗೆ ಘಾಟಿ.

ಇಂಥ ಸೀಮೆಯಲ್ಲಿ ದೂರದ ಪಯಣಕ್ಕೆ ಯಾವ ಮೋಟಾರ್ ಸೈಕಲ್ ಒಳ್ಳೆಯದು ಎಂಬ ಪ್ರಶ್ನೆ ಇಂದು ನಿನ್ನೆಯದಲ್ಲ. ಇಂದು ಆ ಪ್ರಶ್ನೆ ಕೇಳುವವನ ಮುಂದೆ ಹತ್ತಾರು ಮಾದರಿಗಳಿವೆ. 1960 ಮತ್ತು 70ರ ದಶಕಗಳಲ್ಲಿ ಹಾಗಿರಲಿಲ್ಲ. ವಿದೇಶಿ ಗಾಡಿಗಳ ಆಮದಿಗೆ ಕಡಿವಾಣ ಬಿದ್ದಿತ್ತು. ದೇಶದೊಳಗೆ ಏನನ್ನು, ಎಷ್ಟು ತಯಾರಿಸಬೇಕೆಂಬುದನ್ನು ಸರ್ಕಾರದ ಲೈಸೆನ್ಸ್ ನಿರ್ಧರಿಸುತ್ತಿತ್ತು. ಹೀಗಾಗಿ ಆಯ್ಕೆಯೆಂದರೆ ಮುಖ್ಯವಾಗಿ ಮೂರು: ಮದ್ರಾಸಿನ ಎನ್‌ಫೀಲ್ಡ್ ಬುಲೆಟ್, ಎಸ್ಕಾರ್ಟ್ಸ್ ಕಂಪನಿಯ ರಾಜದೂತ್ ಮತ್ತು ಮೈಸೂರಿನ ಜಾವಾ.

ಜಾವಾ ಹುಟ್ಟಿದ್ದು ಮೈಸೂರಿನಲ್ಲಲ್ಲ. 1929ರಲ್ಲಿ ಪ್ರಾಗ್ ನಗರದಲ್ಲಿ ಯಾನೆಚೆಕ್ ಎಂಬ ಉದ್ಯಮಿ, ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡು, ಇಬ್ಬರ ಹೆಸರಿನ ಮೊದಲಕ್ಷರಗಳನ್ನೂ ಕೂಡಿಸಿ ಇಟ್ಟ ಹೆಸರದು. ರುಸ್ತುಂ ಇರಾನಿ ಮತ್ತು ಫರ್ರೋಖ್ ಇರಾನಿ 1960ರಲ್ಲಿ ಐಡಿಯಲ್ ಜಾವಾ ಕಂಪನಿಯನ್ನು ಮೈಸೂರಿನಲ್ಲಿ ಸ್ಥಾಪಿಸಿದರು. ಯಾದವಗಿರಿಯ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. 1973ರ ಹೊತ್ತಿಗೆ ಹೆಸರು ಯೆಜ್ಡಿ ಎಂದಾಯಿತು. ಇರಾನಿನ ಯಜ್ದ್ ಪಟ್ಟಣದ ನೆನಪನ್ನು ಹೊತ್ತ ಹೆಸರು ಇದು. ಚೆಕ್ ನೆಲದ ಯಂತ್ರ, ಪಾರಸೀಕ ಹೆಸರು, ಮೈಸೂರಿನ ಕೈಕೆಲಸ! ಹೆಸರು ಬದಲಾದ ಮೇಲೂ ಹಳೇ ಮೈಸೂರು ಸೀಮೆಯ ಜನ ಅದನ್ನು ಜಾವಾ ಎಂದೇ ಕರೆದರು.

ಬುಲೆಟ್ಟಿನದೂ ಪರದೇಶದ ಮೂಲವೇ. ಇಂಗ್ಲೆಂಡಿನ ರೆಡಿಚ್‌ನ ರಾಯಲ್ ಎನ್‌ಫೀಲ್ಡ್ ಕಂಪನಿ ಮದ್ರಾಸ್ ಮೋಟಾರ್ಸ್ ಜೊತೆಗೂಡಿ 1955ರಲ್ಲಿ ಎನ್‌ಫೀಲ್ಡ್ ಇಂಡಿಯಾ ಕಟ್ಟಿತು. ನಮ್ಮ ಸೇನೆ ಆ ಗಾಡಿಯನ್ನು ಮೆಚ್ಚಿದ್ದೇ ಇದಕ್ಕೆ ದಾರಿಯಾಯಿತು. ಮುಂದೆ ಇಂಗ್ಲೆಂಡಿನ ಕಾರ್ಖಾನೆ ಮುಚ್ಚಿಹೋದರೂ ತಿರುವೊಟ್ಟಿಯೂರಿನಲ್ಲಿ ಬುಲೆಟ್ ತಯಾರಿ ನಿಲ್ಲಲಿಲ್ಲ.

ಇವೆರಡರ ನಡುವಿನ ವ್ಯತ್ಯಾಸ ಕೇವಲ ಅಂದಚಂದದ್ದಲ್ಲ. ಜಾವಾದ್ದು ಸುಮಾರು 250 ಸಿ.ಸಿ.ಯ ಟೂ-ಸ್ಟ್ರೋಕ್ ಎಂಜಿನ್. ಬುಲೆಟ್ಟಿನದು 346 ಸಿ.ಸಿ.ಯ ಫೋರ್-ಸ್ಟ್ರೋಕ್. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಒಂದು ಸುತ್ತು ಬಂದಾಗಲೆಲ್ಲ ಒಂದು ಸಲ ಕಿಡಿ ಹೊತ್ತಿ ಶಕ್ತಿ ಹುಟ್ಟುತ್ತದೆ. ಫೋರ್-ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೊಮ್ಮೆ. ಹೀಗಾಗಿ ಚಿಕ್ಕ ಎಂಜಿನ್ನಾದರೂ ಜಾವಾ ಚುರುಕು. ಬುಲೆಟ್ಟಿಗಿಂತ ಕಾಲು ಕ್ವಿಂಟಲಿನಷ್ಟು ಹಗುರ ಬೇರೆ. ತೆಪ್ಪಕಾಡಿನಿಂದ ಮಸಿನಗುಡಿಯ ಕಡೆಗೆ ತಿರುಗಿ ಕಲ್ಲಟ್ಟಿಯ 36 ತಿರುವುಗಳನ್ನು ಹತ್ತುವವನಿಗೆ ಇದು ವರವೇ ಸರಿ. ಮುದುರಿ ನಿಂತ ಕಡಿದಾದ ತಿರುವಿನಲ್ಲಿ ಭಾರದ ಗಾಡಿಯನ್ನು ಹೊರಳಿಸುವ ಕಷ್ಟ ಹೊರಳಿಸಿದವನಿಗೇ ಗೊತ್ತು. ಕ್ಲಚ್ ಹಿಡಿಯದೆಯೂ ಗೇರ್ ಬದಲಿಸಬಹುದಾದ ಏರ್ಪಾಡು ಜಾವಾದಲ್ಲಿತ್ತು. ಕಿಕ್ ಹೊಡೆಯುವ ಸನ್ನೆಯೇ ಮಡಚಿದರೆ ಗೇರ್ ಸನ್ನೆ.

ಇಳಿಯುವಾಗ ಲೆಕ್ಕ ತಿರುಗಿಬೀಳುತ್ತದೆ. ಬುಲೆಟ್ ಸವಾರ ಕೆಳಗಿನ ಗೇರಿಗೆ ಇಳಿಸಿ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ. ಟೂ-ಸ್ಟ್ರೋಕ್‌ನಲ್ಲಿ ಈ ಹಿಡಿತ ಬಹಳ ಕಡಿಮೆ. ಭಾರವೆಲ್ಲ ಡ್ರಮ್ ಬ್ರೇಕುಗಳ ಮೇಲೆ. ದಿಂಬಂನಂಥ ಇಳಿಜಾರಿನಲ್ಲಿ ಮತ್ತೆ ಮತ್ತೆ ಒತ್ತಿದ ಬ್ರೇಕು ಕಾದು ಸೋಲುತ್ತದೆ. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಅಪಾಯವಿತ್ತು. ಜಾವಾದ ಎಂಜಿನ್ನಿಗೆ ಎಣ್ಣೆ ಸಿಗುತ್ತಿದ್ದುದು ಪೆಟ್ರೋಲಿನ ಜೊತೆಗೇ. ಲೀಟರಿಗೆ 40 ಮಿ.ಲೀ. ಆಸುಪಾಸಿನಷ್ಟು ಟೂ-ಟಿ ಆಯಿಲನ್ನು ಟ್ಯಾಂಕಿನಲ್ಲೇ ಬೆರೆಸಬೇಕು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಮೈಲುಗಟ್ಟಲೆ ಉರುಳಿದರೆ ಚಕ್ರಗಳು ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತವೆ, ಆದರೆ ಪೆಟ್ರೋಲ್ ಬಾರದಿರುವುದರಿಂದ ಎಣ್ಣೆಯೂ ಇಲ್ಲ. ಪಿಸ್ಟನ್ ಒಣಗಿ ಸಿಲಿಂಡರಿಗೆ ಕಚ್ಚಿಕೊಂಡರೆ ಹಿಂದಿನ ಚಕ್ರ ತಟ್ಟನೆ ನಿಂತುಬಿಡುತ್ತದೆ. ಬಲ್ಲ ಸವಾರರು ಇಳಿಯುವಾಗಲೂ ಆಗಾಗ್ಗೆ ಆಕ್ಸಿಲರೇಟರ್ ತಿರುವಿ ಎಂಜಿನ್ನಿಗೆ ಒಂದು ಗುಟುಕು ಎಣ್ಣೆ ಕುಡಿಸುತ್ತಿದ್ದುದು ಇದಕ್ಕೇ.

ಹಾಗಾದರೆ ಬುಲೆಟ್ಟೇ ಉತ್ತಮ ಎನ್ನಬೇಕಷ್ಟೆ? ಅಷ್ಟು ಸುಲಭವಲ್ಲ. ಬುಲೆಟ್ ಚಾಲೂ ಮಾಡುವುದೇ ಒಂದು ವಿದ್ಯೆ: ಆಂಪಿಯರ್ ಮುಳ್ಳು ನಡುವೆ ನಿಲ್ಲುವವರೆಗೆ ಡಿಕಂಪ್ರೆಸರ್ ಒತ್ತಿ ಕಿಕ್ ಇಳಿಸಿ, ಆಮೇಲೆ ಒಂದೇ ಏಟು ಹೊಡೆಯಬೇಕು. ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ವಾಲ್ವ್, ಅದನ್ನು ತಳ್ಳುವ ಕಡ್ಡಿ, ಕ್ಯಾಮ್ ಎಂದು ಒಳಗೆ ಬಿಡಿಭಾಗಗಳ ಸಂಸಾರವೇ ಇದೆ. ಜಾವಾದಲ್ಲಿ ಇದಾವುದೂ ಇಲ್ಲ. ಪ್ಲಗ್ ಬಿಚ್ಚಿ ಮಸಿ ಉಜ್ಜುವುದು, ಪಾಯಿಂಟ್ ಸರಿಮಾಡುವುದು, ಸೈಲೆನ್ಸರಿನಲ್ಲಿ ಕಟ್ಟಿದ ಕಾರ್ಬನ್ ಕೆರೆಯುವುದು ಇಷ್ಟನ್ನು ಕಲಿತವನು ದಾರಿಯ ಬದಿಯಲ್ಲೇ ಅರ್ಧ ರಿಪೇರಿ ಮುಗಿಸಬಲ್ಲ. ಚೈನು ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗೆ ಓಡುತ್ತಿದ್ದುದರಿಂದ ದೂಳು, ಕೆಸರು ಅದನ್ನು ಸೋಕುತ್ತಿರಲಿಲ್ಲ. ಬೇಸಿಗೆಯ ದೂಳನ್ನೂ ಮಳೆಗಾಲದ ಕೆಸರನ್ನೂ ಕಂಡ ಗುಂಡ್ಲುಪೇಟೆಯ ಹಳ್ಳಿ ರಸ್ತೆಗಳಲ್ಲಿ ಇದು ಸಣ್ಣ ಅನುಕೂಲವಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಗಾಡಿ ತಯಾರಾಗುವ ಊರು ಒಂದೂವರೆ ತಾಸಿನ ದಾರಿ. ದೂರದ ಪಯಣಕ್ಕೆ ಗಾಡಿ ಆರಿಸುವವನು ಮೊದಲು ಕೇಳಬೇಕಾದ್ದು ಅದು ಎಷ್ಟು ಓಡುತ್ತದೆ ಎಂಬುದನ್ನಲ್ಲ, ಕೆಟ್ಟರೆ ಯಾರು ಸರಿಮಾಡುತ್ತಾರೆ ಎಂಬುದನ್ನು. ಆ ಪ್ರಶ್ನೆಗೆ ಈ ಸೀಮೆಯಲ್ಲಿ ಉತ್ತರ ಯಾದವಗಿರಿಯ ಕಡೆಗೇ ಬೊಟ್ಟು ಮಾಡುತ್ತಿತ್ತು.

ರಾಜದೂತ್ ಈ ಪೈಪೋಟಿಯಲ್ಲಿ ಬದಿಗೆ ನಿಂತಿತು. ಪೋಲೆಂಡ್ ಮೂಲದ ಆ ಗಟ್ಟಿ ಗಾಡಿ ಊರೊಳಗಿನ ದುಡಿಮೆಗೆ ಹೇಳಿ ಮಾಡಿಸಿದ್ದು, ಘಾಟಿಗಲ್ಲ. ಅದೇ ಕಂಪನಿ 1983ರಲ್ಲಿ ಯಮಹಾ ನೆರವಿನಿಂದ ತಂದ ರಾಜದೂತ್ 350 ವೇಗದಲ್ಲಿ ಎಲ್ಲವನ್ನೂ ಹಿಂದಿಕ್ಕಿತಾದರೂ ಪೆಟ್ರೋಲ್ ಕುಡಿಯುವುದರಲ್ಲೂ ಹಿಂದೆ ಬೀಳಲಿಲ್ಲ.

ಜಾವಾದ ಮೇಲುಗೈ ತಪ್ಪಿಸಿದ್ದು ಬುಲೆಟ್ ಅಲ್ಲ, 100 ಸಿ.ಸಿ.ಯ ಪುಟ್ಟ ಗಾಡಿ. 1985ರಲ್ಲಿ ಬಂದ ಹೀರೊ ಹೋಂಡಾ ಸಿ.ಡಿ. 100, ಎಣ್ಣೆ ಬೆರೆಸುವ ರಗಳೆಯಿಲ್ಲದೆ, ಲೀಟರಿಗೆ ಹಿಂದೆಂದೂ ಕಾಣದಷ್ಟು ದೂರ ಓಡಿತು. ಅದರ ಬೆನ್ನಿಗೇ ಹೊಗೆಯ ಕಾನೂನು ಬಂತು. ವಾಹನಗಳ ಹೊಗೆಗೆ 1991ರಲ್ಲಿ ಮೊದಲ ಮಿತಿ ಹಾಕಿದ ಸರ್ಕಾರ 1996ರಲ್ಲಿ ಅದನ್ನು ಬಿಗಿಗೊಳಿಸಿತು. ಎಣ್ಣೆಯನ್ನೂ ಸುಟ್ಟು ನೀಲಿ ಹೊಗೆ ಬಿಡುವ ಹಳೆಯ ಟೂ-ಸ್ಟ್ರೋಕ್‌ಗಳಿಗೆ ಅದು ದಾಟಲಾಗದ ಹೊಸ್ತಿಲು. ನಷ್ಟ, ಕಾರ್ಮಿಕ ತಗಾದೆಗಳಿಂದ ಮೊದಲೇ ಬಳಲಿದ್ದ ಐಡಿಯಲ್ ಜಾವಾ ಅದೇ 1996ರಲ್ಲಿ ಬಾಗಿಲು ಮುಚ್ಚಿತು. ಯಾದವಗಿರಿಯಲ್ಲಿ ಕೆಲಸ ಕಳೆದುಕೊಂಡ ಮನೆಗಳಿಗೆ ಇದು ತಂತ್ರಜ್ಞಾನದ ಚರ್ಚೆಯಾಗಿರಲಿಲ್ಲ. ಮುಂದೆ ಟಿವಿಎಸ್ ಕಂಪನಿಯ ಕಾರ್ಖಾನೆ ಎದ್ದು ನಿಂತದ್ದು ಇದೇ ನಂಜನಗೂಡು ರಸ್ತೆಯ ಕಡಕೊಳದ ಬಳಿ.

ಬುಲೆಟ್ ಉಳಿಯಿತು. 1994ರಲ್ಲಿ ಐಷರ್ ಕಂಪನಿಯ ತೆಕ್ಕೆಗೆ ಬಂದ ಎನ್‌ಫೀಲ್ಡ್, ನಿಧಾನವಾಗಿ ಚೇತರಿಸಿಕೊಂಡು, 2016ರಲ್ಲಿ ದೂರ ಪಯಣಕ್ಕೆಂದೇ ಹಿಮಾಲಯನ್ ಮಾದರಿಯನ್ನು ತಂದಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮತ್ತೆ ಬಂದವು. ಆದರೆ ಮೈಸೂರಿನಿಂದಲ್ಲ, ಮಧ್ಯಪ್ರದೇಶದ ಪೀಥಂಪುರದಿಂದ. ಎಂಜಿನ್ನೂ ಫೋರ್-ಸ್ಟ್ರೋಕ್. ಯೆಜ್ಡಿ ಎಂಬ ಹೆಸರು ಯಾರದೆಂಬ ವ್ಯಾಜ್ಯ ಮಾತ್ರ ಕರ್ನಾಟಕ ಹೈಕೋರ್ಟಿಗೆ ಬಂತು.

ರಸ್ತೆಯೂ ಮೊದಲಿನಂತೆ ಉಳಿದಿಲ್ಲ. ಹಿಂದೆ ದೂರ ಹೋಗುವವರು ಗಾಡಿಯ ದೀಪವನ್ನೂ ತೂಗಿ ನೋಡುತ್ತಿದ್ದರು. ಆಗಿನ ಆರು ವೋಲ್ಟಿನ ದೀಪ ಗಾಡಿ ನಿಧಾನವಾದೊಡನೆ ಮಂಕಾಗುತ್ತಿತ್ತು. ಬಂಡೀಪುರದ ಕತ್ತಲಲ್ಲಿ ದಾರಿಗೆ ಅಡ್ಡ ನಿಂತ ಒಂಟಿ ಸಲಗ ಹತ್ತಿರ ಬರುವವರೆಗೂ ಕಾಣುತ್ತಿರಲಿಲ್ಲ. ಈಗಿನ ದೀಪಗಳು ಪ್ರಖರವಾಗಿವೆ, ಆದರೆ ಉರಿಸಲು ಅಲ್ಲಿ ರಾತ್ರಿಯಿಲ್ಲ. ವನ್ಯಜೀವಿಗಳು ವಾಹನಕ್ಕೆ ಸಿಕ್ಕಿ ಸಾಯುವುದನ್ನು ತಡೆಯಲು 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ಕಾಡಿನ ಎರಡೂ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧಿಸಿತು; ಮರುವರ್ಷ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಊಟಿ ದಾರಿಯಲ್ಲಿ ಮೇಲುಕಾಮನಹಳ್ಳಿಯ ಗೇಟು, ಕೇರಳ ದಾರಿಯಲ್ಲಿ ಮದ್ದೂರಿನ ಗೇಟು. ಕಾಡಿನೊಳಗೆ ಹಗಲಲ್ಲೂ ಗಾಡಿ ನಿಲ್ಲಿಸುವಂತಿಲ್ಲ. ಹಾಗಾಗಿ ಹಳೆಯ ಜಾವಾ ಉಳಿಸಿಕೊಂಡವರು ಕಾಡು ಹೊಗುವ ಮುನ್ನ ಗುಂಡ್ಲುಪೇಟೆಯಲ್ಲೇ ಪ್ಲಗ್ ಬಿಚ್ಚಿ ಒರೆಸಿ, ಪೆಟ್ರೋಲಿಗೆ ಅಳತೆಯ ಎಣ್ಣೆ ಬೆರೆಸಿಕೊಂಡು ಮುಂದೆ ಹೊರಡುವುದು ಕ್ಷೇಮ.