ಗೃಹತ್ಯಾಗದ ಮೂರು ಪಾಲು

ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಗೃಹತ್ಯಾಗಕ್ರಿಯೆಯನ್ನು ವಿವರಿಸುವಾಗ ಆಸ್ತಿಯ ಲೆಕ್ಕವನ್ನೂ ಹೇಳುತ್ತಾರೆ. ಮನೆಯನ್ನು ಬಿಡುವ ಗೃಹಸ್ಥನು ಹಿರಿಯ ಮಗನಿಗೆ ಭಾರವೊಪ್ಪಿಸಿ, ಧನದಲ್ಲಿ ಒಂದು ಪಾಲು ಧರ್ಮಕಾರ್ಯಕ್ಕೆ, ಒಂದು ಮನೆಯ ವೆಚ್ಚಕ್ಕೆ, ಒಂದು ಮಕ್ಕಳ ಹಂಚಿಕೆಗೆ ಎಂದು ವಿಧಿಸಬೇಕು. ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಅಂಶ. ಪಿತ್ರಾರ್ಜಿತದಲ್ಲಿ ಈ ಸಮಪಾಲು ಕರ್ನಾಟಕದ ಕಾಯಿದೆಗೆ ಬಂದದ್ದು 1994ರಲ್ಲಿ, ಅದೂ ಆಗಲೇ ಮದುವೆಯಾಗಿದ್ದವರನ್ನು ಹೊರಗಿಟ್ಟು. ಆ ಕೊರತೆ ನೀಗಿದ್ದು 2005ರ ಕೇಂದ್ರ ತಿದ್ದುಪಡಿಯಿಂದ.

ಆದರೆ ಆ ಗೃಹಸ್ಥನಿಗೆ ತನಗೆಂದು ಪಾಲು ಬೇಕಿರಲಿಲ್ಲ, ಅವನು ಹೊರಟುಹೋಗುವವನು. ಇಂದು ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಂಥ ಊರಿನಲ್ಲಿ ಗದ್ದೆಯನ್ನೂ ಮನೆಯನ್ನೂ ದಾನಪತ್ರ ಮಾಡಿಕೊಟ್ಟ ತಂದೆತಾಯಿಗಳು ಅದೇ ಮನೆಯಲ್ಲಿ ಉಳಿಯುವವರು. ಅವರ ಊಟ, ಔಷಧಿ ಮಗನ ಕೈಯಲ್ಲಿ. ಪೇಚು ಇಲ್ಲಿಯೇ. ಪೋಷಣೆಯ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಪೋಷಣೆ ತಪ್ಪಿದರೆ, ರದ್ದುಗೊಳಿಸಿಕೊಳ್ಳಲು 2007ರ ಹಿರಿಯ ನಾಗರಿಕರ ಕಾಯಿದೆಯ 23ನೆಯ ಕಲಮು ಅವಕಾಶವಿತ್ತಿದೆ. ಅರ್ಜಿ ಮಂಡ್ಯದ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ. ಅಂಥ ಷರತ್ತು ಇತ್ತೆಂದು ತೋರಿಸಬೇಕೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿತು; 2025ರಲ್ಲಿ, ಕಾಯಿದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಅರ್ಥೈಸಬೇಕೆಂದಿತು. ಹಾಗಿದ್ದರೂ ‘ಪ್ರೀತಿ ವಿಶ್ವಾಸದಿಂದ’ ಎಂದಷ್ಟೇ ಬರೆಸಿದ ಪತ್ರವು ವೃದ್ಧಾಪ್ಯಕ್ಕೆ ದುರ್ಬಲವಾದ ಆಸರೆ. ಷರತ್ತನ್ನು ಪತ್ರದಲ್ಲಿಯೇ ಬರೆಸುವುದು ಮಗನ ಮೇಲಿನ ಅಪನಂಬಿಕೆಯಲ್ಲ. ಮರಣಶಾಸನವನ್ನಾದರೋ ಬರೆದವರು ಬದುಕಿರುವವರೆಗೂ ಬದಲಾಯಿಸಬಹುದು.