ದಿನಾ ಓಡಿದ ಹಳೇ ಕಾರುಗಳು

2014ರ ಮೇ 24ರಂದು ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಕೆಲಸ ನಿಂತಿತು. ಅಂದು ಅಲ್ಲಿ ತಯಾರಾಗುತ್ತಿದ್ದ ಕಾರಿನ ವಿನ್ಯಾಸಕ್ಕೆ 58 ವರ್ಷ. 1956ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೇ ಸರಣಿಯೇ ಹಿಂದೂಸ್ಥಾನ್ ಮೋಟರ್ಸ್‌ನ ಅಂಬಾಸಿಡರ್. ಹುಟ್ಟಿದ ನಾಡಿನಲ್ಲಿ ಆ ಕಾರು ಮೂರೇ ವರ್ಷಕ್ಕೆ ಹೊಸ ಮಾದರಿಗೆ ಜಾಗ ಬಿಟ್ಟುಕೊಟ್ಟಿತು. ಕ್ರಮೇಣ ಅದು ಹವ್ಯಾಸಿಗಳು ಬಿಸಿಲು ನೋಡಿಕೊಂಡು ಹೊರಗೆ ತೆಗೆಯುವ ವಸ್ತುವಾಯಿತು. ಅದೇ ಕಾರು ಇಲ್ಲಿ ಜಿಲ್ಲಾಧಿಕಾರಿಯ ಕಚೇರಿಗೂ ಹೋಯಿತು, ಅಡಿಕೆ ಮೂಟೆಯನ್ನೂ ಹೊತ್ತಿತು, ಮದುವೆ ದಿಬ್ಬಣದ ಮುಂದೆಯೂ ನಡೆಯಿತು, ನಡುರಾತ್ರಿ ಹೆರಿಗೆ ನೋವು ಬಂದವರನ್ನು ಆಸ್ಪತ್ರೆಗೂ ಮುಟ್ಟಿಸಿತು.

ಬೇರೆ ದೇಶಗಳಲ್ಲಿ ಹಳೇ ಕಾರನ್ನು ದಿನಾ ಓಡಿಸುವುದು ಒಬ್ಬೊಬ್ಬರ ಹಟ, ಇಲ್ಲವೇ ಪ್ರೀತಿ. ಭಾರತದಲ್ಲಿ ಮೂರು ದಶಕ ಅದೇ ಎಲ್ಲರ ಬದುಕಾಗಿತ್ತು. ಶೋರೂಮಿನಿಂದ ಹೊಸದಾಗಿ ಹೊರಬಂದ ಕಾರೇ ಹಳೇ ಕಾರಾಗಿರುತ್ತಿತ್ತು. ಆ ಕಾಲ ಬೆಳೆಸಿದ ದುರಸ್ತಿಯ ವಿದ್ಯೆ ಕಾರುಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು. ಅದು ಇಂದಿಗೂ ಉಳಿದಿರುವುದು ಇಂಥ ಕಾರುಗಳು ದಿನಾ ರಸ್ತೆಗಿಳಿಯುವ ಊರುಗಳಲ್ಲೇ.

ಈ ಕಥೆಯ ಮೊದಲ ಪುಟಗಳಲ್ಲಿ ಬೆಂಗಳೂರಿನ ಹೆಸರಿದೆ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಯುರೋಪ್, ಅಮೆರಿಕಗಳ ಕಾರ್ಖಾನೆಗಳನ್ನು ನೋಡಿಬಂದು, ಭಾರತದಲ್ಲೇ ಕಾರು ತಯಾರಿಸುವ ಯೋಜನೆ ಸಿದ್ಧಪಡಿಸಿದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಮುಂಬಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಮೈಸೂರು ಸರ್ಕಾರ ಕಾರ್ಖಾನೆಯನ್ನು ಬೆಂಗಳೂರಿಗೆ ತರಿಸಿಕೊಳ್ಳಲು ಉತ್ಸುಕವಾಗಿತ್ತು. ಬ್ರಿಟಿಷ್ ಸರ್ಕಾರ ಮಾತ್ರ ಬೆಂಬಲಿಸಲಿಲ್ಲ. ಯೋಜನೆ ಅಲ್ಲಿಗೇ ನಿಂತಿತು. ಅದೇ ವಾಲ್‌ಚಂದ್ 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. ಇಂದಿನ ಎಚ್‌ಎಎಲ್‌ನ ಬೇರು ಅದೇ. ಕಾರಿನ ಕನಸು ನನಸಾಗಿದ್ದು 1944ರಲ್ಲಿ, ಮುಂಬಯಿಯಲ್ಲಿ, ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಹೆಸರಿನಿಂದ. ಕುರ್ಲಾದ ಕಾರ್ಖಾನೆ ಮೊದಲು ಅಮೆರಿಕದ ಕ್ರೈಸ್ಲರ್ ಕಂಪನಿಯ ಕಾರುಗಳನ್ನು ಜೋಡಿಸಿತು, ಆಮೇಲೆ ಇಟಲಿಯ ಫಿಯಟ್ ಜೊತೆ ಒಪ್ಪಂದ ಮಾಡಿಕೊಂಡಿತು. ವಿಶ್ವೇಶ್ವರಯ್ಯನವರ ಮಾತು ನಡೆದಿದ್ದರೆ ನಮ್ಮ ಅಜ್ಜಂದಿರ ಫಿಯಟ್ ಬೆಂಗಳೂರಿನಲ್ಲೇ ತಯಾರಾಗುತ್ತಿತ್ತೇನೋ. ಕರ್ನಾಟಕದ ಕೈಗಾರಿಕಾ ಚರಿತ್ರೆಯಲ್ಲಿ ಈ ಪ್ರಸಂಗಕ್ಕೆ ಸಿಗಬೇಕಾದ ಜಾಗ ಇನ್ನೂ ಸಿಕ್ಕಿಲ್ಲ.

ಹಿಂದೂಸ್ಥಾನ್ ಮೋಟರ್ಸ್ ಶುರುವಾಗಿದ್ದು 1942ರಲ್ಲಿ, ಗುಜರಾತಿನ ಓಖಾ ಬಂದರಿನಲ್ಲಿ. 1948ರಲ್ಲಿ ಅದು ಉತ್ತರಪಾರಾಕ್ಕೆ ಹೋಯಿತು. ಹೊರದೇಶದ ಬಿಡಿಭಾಗ ತಂದು ಜೋಡಿಸುವವರಿಗೆ ಇಲ್ಲಿ ಜಾಗವಿಲ್ಲ, ಹಂತಹಂತವಾಗಿ ಇಲ್ಲಿಯೇ ತಯಾರಿಸುವವರು ಮಾತ್ರ ಇರಲಿ ಎಂದು 1953ರ ಸುಮಾರಿಗೆ ಸರ್ಕಾರ ತೀರ್ಮಾನಿಸಿತು. ಮುಂಬಯಿಯಲ್ಲಿ 1928ರಿಂದ ಕಾರು ಜೋಡಿಸುತ್ತಿದ್ದ ಜನರಲ್ ಮೋಟರ್ಸ್ ಬಾಗಿಲು ಹಾಕಿತು. ಫೋರ್ಡ್ ಕೂಡ ಹೊರಟಿತು. ಕೊಳ್ಳುವವರ ಮುಂದೆ ಉಳಿದದ್ದು ಬಂಗಾಳದ ಅಂಬಾಸಿಡರ್, ಮುಂಬಯಿಯ ಫಿಯಟ್, ಮದ್ರಾಸಿನ ಸ್ಟ್ಯಾಂಡರ್ಡ್. ಎಷ್ಟು ಕಾರು ತಯಾರಾಗಬೇಕು ಎಂಬುದಕ್ಕೂ ಲೈಸೆನ್ಸ್ ಬೇಕಿತ್ತು. ಹಣ ಕಟ್ಟಿ ವರ್ಷಗಟ್ಟಲೆ ಕಾಯುವುದು ಎಲ್ಲರಿಗೂ ಅಭ್ಯಾಸವಾಗಿತ್ತು.

ಕಾರು ಕೊಳ್ಳುವುದು ಪ್ರಧಾನಿಗೂ ಸುಲಭವಾಗಿರಲಿಲ್ಲ. ಲಾಲ್ ಬಹದ್ದೂರ್ ಶಾಸ್ತ್ರಿ ಅವರು 1964ರಲ್ಲಿ ಮನೆಯವರಿಗಾಗಿ ಕೊಂಡ ಫಿಯಟ್ ಕಾರಿನ ಬೆಲೆ 12,000 ರೂಪಾಯಿ. ಕೈಯಲ್ಲಿ ಅಷ್ಟು ಹಣವಿರಲಿಲ್ಲ. ಪಂಜಾಬ್ ನ್ಯಾಷನಲ್ ಬ್ಯಾಂಕಿನಿಂದ 5,000 ರೂಪಾಯಿ ಸಾಲ ಪಡೆದರು. ಸಾಲ ತೀರುವ ಮೊದಲೇ ಅವರು ತೀರಿಕೊಂಡರು. ಉಳಿದ ಹಣವನ್ನು ಪತ್ನಿ ಲಲಿತಾ ಶಾಸ್ತ್ರಿ ತಮ್ಮ ಪಿಂಚಣಿಯಿಂದ ಕಟ್ಟಿದರು. ಆ ಕಾರು ಈಗ ದೆಹಲಿಯ ಶಾಸ್ತ್ರಿ ಸ್ಮಾರಕದಲ್ಲಿದೆ.

ಇಷ್ಟು ಕಷ್ಟಪಟ್ಟು ತಂದ ಕಾರನ್ನು ಐದಾರು ವರ್ಷಕ್ಕೆ ಬದಲಾಯಿಸುವ ಮಾತೇ ಇರಲಿಲ್ಲ. ಅದನ್ನು ಇಪ್ಪತ್ತು, ಮೂವತ್ತು ವರ್ಷ ನಡೆಸಲೇಬೇಕು. ನಡೆಸುವ ಭಾರ ಬಿದ್ದದ್ದು ಗ್ಯಾರೇಜಿನ ಮೇಸ್ತ್ರಿಯ ಮೇಲೆ.

ಅಂಬಾಸಿಡರ್ ಬಾನೆಟ್ ಎತ್ತಿದರೆ ಎಂಜಿನ್ನಿನ ಸುತ್ತ ಕೈಯಾಡಿಸಲು ಬೇಕಾದಷ್ಟು ಜಾಗ. 1489 ಸಿ.ಸಿ.ಯ ಪೆಟ್ರೋಲ್ ಎಂಜಿನ್, ಒಂದು ಕಾರ್ಬೊರೇಟರ್, ಒಂದು ಡಿಸ್ಟ್ರಿಬ್ಯೂಟರ್; ಕೆಟ್ಟದ್ದು ಯಾವುದು ಎಂಬುದು ಕಣ್ಣಿಗೇ ಕಾಣುತ್ತಿತ್ತು. ಕಾರು ಜಗ್ಗಿ ಜಗ್ಗಿ ಓಡಿದರೆ ಮೇಸ್ತ್ರಿ ಮೊದಲು ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆಯುತ್ತಿದ್ದರು. ಒಳಗಿನ ಪಾಯಿಂಟು ಸುಟ್ಟು ಕಪ್ಪಾಗಿರುತ್ತಿತ್ತು. ಎಮರಿ ಪೇಪರಿನಿಂದ ಅದನ್ನು ಉಜ್ಜಿ, ಎರಡು ತುದಿಗಳ ನಡುವೆ ದಪ್ಪ ಕಾಗದದ ಚೂರು ತೂರಿಸಿ ಅಂತರ ನೋಡಿ, ಸ್ಕ್ರೂ ಬಿಗಿ ಮಾಡಿದರೆ ಕಾಲು ಗಂಟೆಯಲ್ಲಿ ಕೆಲಸ ಮುಗಿಯಿತು. ಬ್ಯಾಟರಿ ಸತ್ತರೆ ಮುಂದಿನ ಬಂಪರಿನ ತೂತಿನಲ್ಲಿ ಹ್ಯಾಂಡಲ್ ತೂರಿಸಿ ತಿರುಗಿಸುವುದು. ಮುಂಚಕ್ರದ ಕಿಂಗ್‌ಪಿನ್ನಿಗೆ ಗ್ರೀಸ್ ಹೊಡೆಯುವುದನ್ನು ಮರೆತರೆ ಸ್ಟೇರಿಂಗು ಗಡುಸಾಗುತ್ತಿತ್ತು. ಮರೆಯದ ಡ್ರೈವರಿಗೆ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಒಂದು ತೂಕ ಹೆಚ್ಚು. ಘಾಟಿ ಹತ್ತುವಾಗ ಬಿಸಿಲಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಕಾರು ನಿಂತುಬಿಡುತ್ತಿತ್ತು. ಆಗ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿ, ಅದು ತಣಿಯುವವರೆಗೆ ರಸ್ತೆ ಬದಿಯಲ್ಲಿ ಕೂರಬೇಕು. ಸಣ್ಣ ಎಂಜಿನ್ನಿನ ಫಿಯಟ್ಟಿಗೆ ಈ ಕಾಟ ಇನ್ನೂ ಜಾಸ್ತಿ ಎಂದು ಅದನ್ನು ಓಡಿಸಿದವರೆಲ್ಲ ಹೇಳುತ್ತಾರೆ.

ಎಂಜಿನ್ ಹೊಗೆ ಉಗುಳತೊಡಗಿದರೆ ಅದನ್ನು ಇಳಿಸಿ, ಲೇತ್ ಅಂಗಡಿಗೆ ಕಳಿಸಿ, ಬೋರ್ ಮಾಡಿಸಿ, ದಪ್ಪ ಪಿಸ್ಟನ್ ಕೂರಿಸುತ್ತಿದ್ದರು. ತಳ ತುಕ್ಕು ಹಿಡಿದರೆ ಟಿಂಕರಿಂಗಿನವರು ತಗಡು ಕತ್ತರಿಸಿ ಬೆಸೆಯುತ್ತಿದ್ದರು. ಹೀಗೆ ಎರಡು ಮೂರು ಸಲ ಎಂಜಿನ್ ಇಳಿಸಿಕೊಂಡ ಕಾರು ಮೊದಲ ಮಾಲೀಕನ ಮಗನ ಕಾಲದಲ್ಲೂ ಓಡುತ್ತಿತ್ತು. ಅಂಬಾಸಿಡರ್ ಅಡಿಯಲ್ಲಿ ಲಾರಿಯದ್ದರಂಥ ಗಟ್ಟಿ ಚಾಸಿ ಇದೆ ಎಂದು ಎಷ್ಟೋ ಜನ ನಂಬಿದ್ದಾರೆ. ನಿಜಕ್ಕೂ ಅದಕ್ಕೆ ಬೇರೆ ಚಾಸಿಯೇ ಇಲ್ಲ. ಇಂದಿನ ಕಾರುಗಳ ಹಾಗೆ ಬಾಡಿಯೇ ಎಲ್ಲ ಭಾರ ಹೊರುತ್ತದೆ. ಆದ್ದರಿಂದಲೇ ತುಕ್ಕಿನ ಬಗ್ಗೆ ಉದಾಸೀನ ಮಾಡಿದವರ ಕಾರು ಬೇಗ ಕೈಕೊಟ್ಟಿತು.

ಕರಾವಳಿ ಮತ್ತು ಮಲೆನಾಡಿನ ಪೇಟೆಗಳಲ್ಲಿ ಈ ಕಾರುಗಳ ಬದುಕೇ ಬೇರೆ. ಬಸ್ಸು ದಿನಕ್ಕೆರಡೇ ಬಾರಿ ಬರುವ ಹಳ್ಳಿಗಳಿಗೆ ಸ್ಟ್ಯಾಂಡಿನ ಅಂಬಾಸಿಡರೇ ದಿಕ್ಕಾಗಿತ್ತು. ಗೇರು ಸ್ಟೇರಿಂಗಿನ ಬದಿಯಲ್ಲೇ ಇದ್ದುದರಿಂದ ಮುಂದಿನ ಉದ್ದ ಸೀಟಿನಲ್ಲೂ ಡ್ರೈವರಿನ ಪಕ್ಕ ಇಬ್ಬರು ಮೂವರು ಹಿಡಿಯುತ್ತಿದ್ದರು. 1980ರ ಸುಮಾರಿಗೆ ಡೀಸೆಲ್ ಎಂಜಿನ್ ಬಂದಮೇಲೆ ಬಾಡಿಗೆ ಓಡಿಸುವವರ ಕೈಯಲ್ಲಿ ನಾಲ್ಕು ಕಾಸು ಉಳಿಯತೊಡಗಿತು. ಮನೆ ಕಟ್ಟಿದ, ಮಕ್ಕಳನ್ನು ಓದಿಸಿದ ದುಡಿಮೆ ಅದು. ಹಳೇ ಕಾರಿನ ಚರಿತ್ರೆಯನ್ನು ಮಂತ್ರಿಗಳ ಬಿಳಿ ಕಾರಿನಿಂದ ಬರೆಯುವವರೇ ಹೆಚ್ಚು; ಈ ಸ್ಟ್ಯಾಂಡುಗಳಿಂದ ಬರೆದರೆ ಅದು ಹೆಚ್ಚು ಪೂರ್ತಿಯಾಗುತ್ತದೆ.

1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800ರ ಬೀಗದ ಕೈ ಮಾಲೀಕರ ಕೈ ಸೇರಿತು. ಹಗುರ, ಮಿತವ್ಯಯಿ, ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುವ ಕಾರು. ಮನೆ ಬಳಕೆಯವರು ಬೇಗ ಅತ್ತ ಹೊರಳಿದರು. 1974ರಿಂದ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಹೊತ್ತಿದ್ದ ಫಿಯಟ್ ಹೊಸ ಶತಮಾನ ಬರುವ ಹೊತ್ತಿಗೆ ತಯಾರಿಕೆಯಿಂದ ಮರೆಯಾಯಿತು. ಅಂಬಾಸಿಡರಿಗೆ ಸರ್ಕಾರ ಮತ್ತು ಟ್ಯಾಕ್ಸಿಯವರ ಆಸರೆ ಇತ್ತು. 2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿ ಮಾಡಿದವರು ಒಳನುಗ್ಗಿದ್ದು ಗೃಹ ಇಲಾಖೆಯ ಸ್ಟಿಕರ್ ಅಂಟಿಸಿದ ಬಿಳಿ ಅಂಬಾಸಿಡರಿನಲ್ಲಿ. ಅದಾದ ಮೇಲೆ ಪ್ರಧಾನಿಯ ಪ್ರಯಾಣಕ್ಕೆ ಗುಂಡುನಿರೋಧಕ ವಿದೇಶಿ ಕಾರುಗಳು ಬಂದವು.

ಮುಂಬಯಿಯಲ್ಲಿ ಟ್ಯಾಕ್ಸಿಯಾಗಿ ಕೊನೆಯ ಪದ್ಮಿನಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಅಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ. ಹಾಗಾಗಿ 2023ರ ಅಕ್ಟೋಬರ್ ಕೊನೆಗೆ ಆ ಕಪ್ಪು ಹಳದಿ ಕಾರುಗಳ ದುಡಿಮೆ ಮುಗಿಯಿತು. ಕೋಲ್ಕತ್ತದಲ್ಲಿ ಮಿತಿ 15 ವರ್ಷ. ಕಾರ್ಖಾನೆ ಮುಚ್ಚಿರುವುದರಿಂದ ಹಳದಿ ಅಂಬಾಸಿಡರುಗಳ ಸಂಖ್ಯೆ ವರ್ಷವರ್ಷವೂ ಇಳಿಯುತ್ತಿದೆ. ಅಂಬಾಸಿಡರ್ ಎಂಬ ಹೆಸರನ್ನು 2017ರಲ್ಲಿ ಫ್ರಾನ್ಸಿನ ಪ್ಯೂಜೊ ಕಂಪನಿ 80 ಕೋಟಿ ರೂಪಾಯಿಗೆ ಕೊಂಡಿತು.

ಇಷ್ಟಾದರೂ ಖಾಸಗಿಯಾಗಿ ಈ ಕಾರುಗಳನ್ನು ದಿನಬಳಕೆಗೆ ಇಟ್ಟುಕೊಂಡವರಿದ್ದಾರೆ. ಅವರ ದಾರಿ ಈಗ ಕಿರಿದಾಗಿದೆ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿ ತಂದಿತು. 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ, ‘ವಿಎ’ ಅಕ್ಷರಗಳಿರುವ ನಂಬರ್ ಪ್ಲೇಟು. ಪರಂಪರೆಯನ್ನು ಗುರುತಿಸಿದ್ದು ಒಳ್ಳೆಯದೇ. ಆದರೆ ಈ ನೋಂದಣಿ ಪಡೆದ ಕಾರನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ದುರಸ್ತಿ, ಪೆಟ್ರೋಲ್ ತುಂಬಿಸುವುದು ಇಂಥವಕ್ಕೆ ಮಾತ್ರ ರಸ್ತೆಗಿಳಿಸಬಹುದು. ನಿತ್ಯದ ಓಡಾಟಕ್ಕೆ ಅವಕಾಶವಿಲ್ಲ. ಸಾಮಾನ್ಯ ನೋಂದಣಿಯಲ್ಲೇ ಮುಂದುವರಿಯುವವರು 15 ವರ್ಷದ ನಂತರ ಐದೈದು ವರ್ಷಕ್ಕೊಮ್ಮೆ ಗಾಡಿ ತೋರಿಸಿ ನವೀಕರಿಸಬೇಕು. 600 ರೂಪಾಯಿ ಇದ್ದ ಆ ಶುಲ್ಕ 2022ರಲ್ಲಿ 5,000 ಆಯಿತು, 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ 10,000 ಆಯಿತು. ಹೊಗೆಯ ಬಗ್ಗೆ ಸರ್ಕಾರದ ಆತಂಕ ಸುಳ್ಳಲ್ಲ. ಕೆಟ್ಟ ಎಂಜಿನ್ನಿನ ಹಳೇ ಡೀಸೆಲ್ ಕಾರು ನಗರದ ಗಾಳಿಗೆ ಒಳ್ಳೆಯದಲ್ಲ. ಆದರೆ ಅಳೆಯಬೇಕಾದದ್ದು ಹೊಗೆಯನ್ನು, ಬ್ರೇಕನ್ನು. ಹುಟ್ಟಿದ ವರ್ಷವೊಂದನ್ನೇ ನೋಡಿದರೆ, ಮುತುವರ್ಜಿಯಿಂದ ಕಾರು ಇಟ್ಟುಕೊಂಡವರಿಗೂ ಹಾಳುಗೆಡವಿದವರಿಗೂ ಒಂದೇ ದಂಡ ಬೀಳುತ್ತದೆ.

ಇಂಧನವೂ ಬದಲಾಗಿದೆ. 2000ದ ಫೆಬ್ರವರಿಯಿಂದ ದೇಶದಲ್ಲಿ ಸೀಸವಿಲ್ಲದ ಪೆಟ್ರೋಲ್ ಮಾತ್ರ. ಸೀಸದ ಲೇಪವನ್ನೇ ನೆಚ್ಚಿದ್ದ ಹಳೇ ಎಂಜಿನ್ನುಗಳ ವಾಲ್ವ್ ಸೀಟುಗಳು ಬೇಗ ಸವೆಯುತ್ತವೆ, ಹೆಡ್ ಬಿಚ್ಚಿ ಗಟ್ಟಿ ಉಕ್ಕಿನ ಸೀಟು ಕೂರಿಸಬೇಕಾಗುತ್ತದೆ. ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ನೀರು ಹೀರುತ್ತದೆ, ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿದವರಿಗೆ ಇದರ ಕಾಟ ಹೆಚ್ಚು. ಟ್ಯಾಂಕಿನ ತಳದಲ್ಲಿ ನೀರು ಸೇರಿ ತುಕ್ಕು ಹಿಡಿಯುತ್ತದೆ. ದಿನಾ ಓಡುವ ಕಾರಿನಲ್ಲಿ ಪೆಟ್ರೋಲ್ ಖಾಲಿಯಾಗಿ ಹೊಸದು ಬರುತ್ತಿರುತ್ತದೆ. ತಿಳಿದ ಮೇಸ್ತ್ರಿಗಳು ಪೈಪು, ಪಂಪಿನ ಡಯಾಫ್ರಮ್, ಕಾರ್ಬೊರೇಟರ್ ವಾಷರುಗಳನ್ನು ಎಥನಾಲ್ ತಾಳುವ ರಬ್ಬರಿಗೆ ಬದಲಾಯಿಸಿ ಕೊಡುತ್ತಾರೆ. ಕ್ಲಚ್ ಪ್ಲೇಟು, ಬ್ರೇಕ್ ಕಿಟ್ಟು, ಕಿಂಗ್‌ಪಿನ್ ಸೆಟ್ಟುಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಬೇಕು. ಗಾಜು, ಬಾಗಿಲ ಹಿಡಿ, ಕ್ರೋಮ್ ಪಟ್ಟಿಗಳಿಗೆ ಶಿವಾಜಿನಗರದ ಗುಜರಿಯಲ್ಲಿ ಹುಡುಕಬೇಕು. ಎಲ್ಲಿಯೂ ಸಿಗದ ಸಣ್ಣ ಪುಟ್ಟ ತುಂಡುಗಳನ್ನು ಲೇತ್ ಅಂಗಡಿಯವರು ಹಳೆಯದರ ಅಳತೆ ಹಿಡಿದು ಕಡೆದುಕೊಡುತ್ತಾರೆ.