ಸಸ್ಯವರ್ಣನೆಯಲ್ಲಿ ಘನಾಕೃತಿಯ ಪದಗಳು: ದಿವಾ ಖಾರಿಯ ಕಾಂಡ್ಲದ ನೆವದಲ್ಲಿ

ಮಧ್ಯ ರೈಲ್ವೆಯ ದಿವಾ ಜಂಕ್ಷನ್ನಿನ ಆಸುಪಾಸಿನಲ್ಲಿ, ಉಲ್ಹಾಸ ನದಿಯ ಖಾರಿಯಂಚಿಗೆ ದಟ್ಟವಾಗಿ ಬೆಳೆದ ಗಿಡಗಳನ್ನು ಮರಾಠಿಯಲ್ಲಿ ತಿವರವೆನ್ನುತ್ತಾರೆ. ಉಡುಪಿ, ದಕ್ಷಿಣ ಕನ್ನಡಗಳ ಹೊಳೆಬದಿಯಿಂದ ಬಂದು ಈ ಭಾಗದಲ್ಲಿ ನೆಲೆಸಿದ ಕನ್ನಡಿಗರಿಗೆ ಇಂಥ ಉಪ್ಪುನೀರಿನ ಗಿಡಗಳೆಲ್ಲವೂ ಕಾಂಡ್ಲವೇ. ಸಸ್ಯಶಾಸ್ತ್ರದಲ್ಲಿ ತಿವರದ ಹೆಸರು ಅವಿಸೆನ್ನಿಯ ಮರೀನ. ಇದರ ಕಾಯಿ ಸಿಪ್ಪೆಯೊಳಗಿನ ಬಾದಾಮಿಯನ್ನು ನೆನಪಿಸುವಂಥದು. ಬುಡ ಅಗಲ, ತುದಿ ಚೂಪು, ಎರಡು ಪಕ್ಕಗಳಿಂದ ತುಸು ಅದುಮಿದಂತಿರುವುದು. ಇದನ್ನು ಕನ್ನಡದಲ್ಲಿ ವರ್ಣಿಸಹೊರಟವರ ಲೇಖನಿಗೆ ಮೊದಲು ಬರುವ ಪದ 'ಅಂಡಾಕಾರ'. ಆದರೆ ಇದೇ ಪದವನ್ನು ನಾವು ಎಲೆಗೂ ಬಳಸುತ್ತೇವೆ. ಎಲೆ ಹಾಳೆಯಂತೆ ಹರಡಿಕೊಂಡದ್ದು, ಕಾಯಿ ಮುಷ್ಟಿಯಲ್ಲಿ ಹಿಡಿಯಬಹುದಾದದ್ದು. ಒಂದಕ್ಕೆ ಉದ್ದಗಲಗಳಷ್ಟೇ ಸಾಕು, ಇನ್ನೊಂದಕ್ಕೆ ದಪ್ಪವೂ ಬೇಕು. ಈ ಎರಡಕ್ಕೂ ಒಂದೇ ಪದವಾದಾಗ ಓದುಗನಿಗೆ ತಿಳಿಯದೆ ಉಳಿಯುವುದೇನು ಎಂಬುದನ್ನು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಈ ಗೊಂದಲ ಕನ್ನಡದ್ದು ಮಾತ್ರವಲ್ಲವೆಂಬುದನ್ನು ಮೊದಲೇ ಹೇಳಬೇಕು. ಸಸ್ಯವರ್ಣನೆಯ ಪರಿಭಾಷೆಗೆ 1751ರ 'ಫಿಲಾಸಫಿಯ ಬೊಟಾನಿಕ'ದಲ್ಲಿ ಕಟ್ಟುಪಾಡು ವಿಧಿಸಿದ ಲಿನೇಯಸನೇ ತನ್ನ ಲ್ಯಾಟಿನ್ ವರ್ಣನೆಗಳಲ್ಲಿ ಎಲೆಯನ್ನೂ ಕಾಯಿಯನ್ನೂ 'ಓವೇಟಸ್' ಎಂದು ಕರೆದಿದ್ದಾನೆ. ಚಪ್ಪಟೆಯಾದುದಕ್ಕೆ 'ಓವೇಟಸ್', ಉಬ್ಬಿದುದಕ್ಕೆ 'ಓವಾಯ್ಡಿಯಸ್' ಎಂಬ ವಿಭಾಗ ನೆಲೆಗೊಂಡದ್ದು ಅನಂತರದ ಪೀಳಿಗೆಗಳ ಬಳಕೆಯಲ್ಲಿ. ಸಮತಲದ ಆಕೃತಿಗಳಿಗೆ ಇನ್ನೂ ಹೆಚ್ಚಿನ ಶಿಸ್ತು ಬಂದದ್ದು ತೀರ ಈಚೆಗೆ: 1962ರಲ್ಲಿ ವಿದ್ವಾಂಸರ ಒಂದು ಸಮಿತಿ, ಉದ್ದಗಲಗಳ ಪ್ರಮಾಣವನ್ನು ಲೆಕ್ಕಹಾಕಿ, 'ಟ್ಯಾಕ್ಸನ್' ಪತ್ರಿಕೆಯಲ್ಲಿ ಒಂದು ನಕ್ಷೆಯನ್ನು ಪ್ರಕಟಿಸಿತು. ಆ ನಕ್ಷೆಯೂ ಸಮತಲದ ಆಕೃತಿಗಳಿಗೇ ಮೀಸಲಾಗಿತ್ತು. ಘನಾಕೃತಿಗಳನ್ನು ಹಾಳೆಯ ಮೇಲೆ ಅಳೆಯುವುದು ಸುಲಭವಲ್ಲವಷ್ಟೆ.

ಹೀಗಾಗಿ ಘನಾಕೃತಿಯ ಪದಗಳು ಅಳತೆಗಿಂತ ಹೆಚ್ಚಾಗಿ ಮನೆಯ ವಸ್ತುಗಳನ್ನೇ ನೆಚ್ಚಿಕೊಂಡಿವೆ. ಲ್ಯಾಟಿನ್ನಿನ 'ಫ್ಯೂಸಿಫಾರ್ಮಿಸ್' ನೂಲುವ ಕದಿರಿನಿಂದ ಬಂದದ್ದು, 'ಟರ್ಬಿನೇಟಸ್' ಬುಗುರಿಯಿಂದ, 'ಕ್ಲಾವೇಟಸ್' ದೊಣ್ಣೆಯಿಂದ, 'ಯುರ್ಸಿಯೋಲೇಟಸ್' ಪುಟ್ಟ ಗಿಂಡಿಯಿಂದ. 'ಲೆಂಟಿಕ್ಯುಲಾರಿಸ್' ಎಂಬುದರ ಮೂಲ ಚನ್ನಂಗಿ ಬೇಳೆಯ ಕಾಳು. ಘನಗಂಭೀರವಾಗಿ ಕೇಳಿಸುವ ಈ ಪದಗಳ ಹಿಂದೆ ಒಬ್ಬ ರೋಮನ್ ಗೃಹಿಣಿಯ ಅಡುಗೆಮನೆ, ಆಕೆಯ ಮಕ್ಕಳ ಆಟಿಕೆ ಇವೆಯೆಂಬುದನ್ನು ನಮ್ಮ ಪರಿಭಾಷಾಕಾರರು ಹೆಚ್ಚು ಗಮನಿಸಿದಂತಿಲ್ಲ.

ಕಾಂಡ್ಲದ ವಿಷಯದಲ್ಲಿ ಇದರ ಚರಿತ್ರೆ ಸ್ವಾರಸ್ಯಕರವಾಗಿದೆ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರತಂದ 'ಹೊರ್ತುಸ್ ಮಲಬಾರಿಕುಸ್' ಗ್ರಂಥದಲ್ಲಿ ಮಲಯಾಳದ 'ಕಂಡಲ್' ಎಂಬ ಹೆಸರಿನ ಹಲವು ಗಿಡಗಳಿವೆ. ನಮ್ಮ ಕಾಂಡ್ಲಕ್ಕೆ ಈ ಶಬ್ದ ಒಡಹುಟ್ಟು. ಮಲಬಾರನ್ನು ಕಾಣದ ಲಿನೇಯಸ್ ಆ ಗ್ರಂಥದ ಚಿತ್ರಗಳನ್ನು ಉಲ್ಲೇಖಿಸುತ್ತ 1753ರಲ್ಲಿ ಒಂದಕ್ಕೆ 'ಸಿಲಿಂಡ್ರಿಕ' ಎಂಬ ವಿಶೇಷಣವನ್ನಿತ್ತನು. ಇಂದಿನ ಬ್ರೂಗ್ವೀರ ಸಿಲಿಂಡ್ರಿಕ ಅದೇ. ತಾಯಿಗಿಡದ ಮೇಲೆಯೇ ಮೊಳೆತು ಜೋಲುವ ಅದರ ಸಸಿ ಉರುಳೆಯಂತಿರುವುದೇ ಆ ಹೆಸರಿಗೆ ಕಾರಣ. ಕಾಯಿ ಕೊಂಬಿನಂತೆ ಬಾಗಿದ ಇನ್ನೊಂದಕ್ಕೆ 'ಕಾರ್ನಿಕ್ಯುಲೇಟ' ಎಂದನು. ಮುಂದೆ ಅದು ಸೇರಿದ ಈಜಿಸೆರಾಸ್ ಕುಲದ ಹೆಸರಿಗೂ ಗ್ರೀಕಿನಲ್ಲಿ ಆಡಿನ ಕೊಂಬೆಂದೇ ಅರ್ಥ.

ಮುಂಬಯಿ ಪ್ರಾಂತದಲ್ಲಿ ಈ ಪರಿಭಾಷೆ ಇಂಗ್ಲಿಷಿನ ಮೂಲಕ ಬಂದಿತು. ಡಾಲ್ಜೆಲ್ ಮತ್ತು ಗಿಬ್ಸನ್ನರ 'ಬಾಂಬೆ ಫ್ಲೋರ' 1861ರಲ್ಲಿ ಪ್ರಕಟವಾಯಿತು. ಪುಣೆಯ ವಿಜ್ಞಾನ ಕಾಲೇಜಿನ ಪ್ರಾಂಶುಪಾಲರಾಗಿದ್ದ ಥಿಯೋಡೋರ್ ಕುಕ್ ಬರೆದ ಸಸ್ಯಸಂಪುಟಗಳು 1901ರಿಂದ 1908ರ ಅವಧಿಯಲ್ಲಿ ಹೊರಬಂದವು. ಕುಕ್‌ನ ಗ್ರಂಥದಲ್ಲಿ ಠಾಣೆಯ ಖಾರಿಯೂ ಕಾರವಾರದ ಅಳಿವೆಯೂ ಧಾರವಾಡದ ಬಯಲೂ ಒಂದೇ ಸಸ್ಯಸೀಮೆ. ಈ ಜಿಲ್ಲೆಗಳು ಒಂದೇ ಆಡಳಿತಕ್ಕೆ ಒಳಪಟ್ಟು 1956ರವರೆಗೂ ಉಳಿದಿದ್ದವು. ಹೀಗಿದ್ದೂ ಆ ವರ್ಣನೆಗಳ ಖಚಿತತೆ ಕನ್ನಡಕ್ಕೆ ಇಳಿಯಲಿಲ್ಲ.

ಕನ್ನಡದ ವಿಜ್ಞಾನ ಬರಹ 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರ 'ವಿಜ್ಞಾನ' ಪತ್ರಿಕೆಯಿಂದ ಮೊದಲಾಗಿ ಬೇರೆ ದಾರಿ ಹಿಡಿದು ಬೆಳೆಯಿತು. ಅದರ ಸಾಧನೆ ದೊಡ್ಡದು. ಆದರೆ ಆಕೃತಿಯ ಪ್ರಶ್ನೆ ಬಂದಾಗ '-ಆಕಾರ' ಎಂಬ ಸಂಸ್ಕೃತದ ಉತ್ತರಪದವೊಂದನ್ನೇ ಎಲ್ಲಕ್ಕೂ ಅಂಟಿಸುವ ರೂಢಿ ಬಲಿಯಿತು. ತಪ್ಪು ಸಂಸ್ಕೃತದ್ದಲ್ಲ. ಸಂಸ್ಕೃತದ ಗಣಿತ 'ವೃತ್ತ'ವನ್ನೂ 'ಗೋಲ'ವನ್ನೂ ಎಂದೂ ಬೆರೆಸಲಿಲ್ಲ. ಕಣ್ಣಿಗೆ ಕಾಣುವ ವಸ್ತುವನ್ನು ಬಿಟ್ಟು ಇಂಗ್ಲಿಷ್ ಪದವನ್ನು ಎದುರಿಗಿಟ್ಟುಕೊಂಡು ಅನುವಾದಿಸಿದ್ದರ ಫಲವಿದು.

ಜನರ ಕನ್ನಡವಾದರೋ ಈ ಭೇದವನ್ನು ಬಲು ಹಿಂದೆಯೇ ಬಲ್ಲದು. ದುಂಡುಮಲ್ಲಿಗೆ, ಸೂಜಿಮಲ್ಲಿಗೆ ಎಂಬ ಎರಡು ಹೆಸರುಗಳನ್ನು ನೋಡಿ: ಎರಡೂ ಹೇಳುವುದು ಮೊಗ್ಗಿನ ಘನಾಕೃತಿಯನ್ನೇ. ಹೂವರಸಿಗೆ ಬುಗುರಿ ಮರವೆಂಬ ಹೆಸರೂ ಉಂಟು. ಹೀರೇಕಾಯಿಯ ಮೈಮೇಲೆ ಉದ್ದಕ್ಕೆ ಓಡುವ ಗೆರೆಗಳಿಗೆ 'ಏಣು' ಎಂಬ ಅಚ್ಚುಕಟ್ಟಾದ ಪದವಿದೆ. ಲ್ಯಾಟಿನ್ನಿನಲ್ಲಿ ಹೀರೆ 'ಅಕ್ಯುಟ್ಯಾಂಗ್ಯುಲ', ಅಂದರೆ ಚೂಪಾದ ಏಣಿನದು. ಏಣಿಲ್ಲದ ತುಪ್ಪದ ಹೀರೆಗೆ ಬಹುಕಾಲ ಬಳಕೆಯಲ್ಲಿದ್ದ ಹೆಸರು 'ಸಿಲಿಂಡ್ರಿಕ'. ಡೊಂಬಿವಲಿಯ ತರಕಾರಿ ಮಾರುಕಟ್ಟೆಯಲ್ಲಿ ಇವೇ ಶಿರಾಳೆ ಮತ್ತು ಘೋಸಾಳೆ. ಏಣು ಎಂಬ ಪದ ಕೈಯಲ್ಲಿರುವಾಗ 'ತ್ರಿಕೋಣಾಕಾರದ ಕಾಂಡ' ಎಂದು ಬರೆಯುವುದೇಕೆ? ಜೇಕಿನ ಕಾಂಡ ತ್ರಿಕೋಣವಲ್ಲ, ಮೂರೇಣಿನದು. ಅಡ್ಡಲಾಗಿ ಕತ್ತರಿಸಿದಾಗ ಕಾಣುವ ಮುಖವಷ್ಟೇ ತ್ರಿಕೋಣ.

ಬಿ.ಜಿ.ಎಲ್. ಸ್ವಾಮಿಯವರು 1976ರ 'ಹಸುರು ಹೊನ್ನು' ಕೃತಿಯಲ್ಲಿ ಗಿಡಗಳನ್ನು ಪರಿಚಯಿಸುವಾಗ ತಾವೇ ಬರೆದ ಚಿತ್ರಗಳನ್ನೂ ಜೊತೆಗಿಟ್ಟರು. ಸಸ್ಯವರ್ಣನೆ ಕನ್ನಡದಲ್ಲಿ ಸಜೀವವಾಗಬಲ್ಲದೆಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ಪ್ರತಿಯೊಬ್ಬ ಲೇಖಕನೂ ಚಿತ್ರಕಾರನಾಗಲಾರನು. 'ಮೊಟ್ಟೆಯಗಲ' ಎಲೆಗೆ, 'ಮೊಟ್ಟೆಗುಂಡು' ಕಾಯಿಗೆ ಎಂಬ ಜೋಡಿಯನ್ನು ನಾವು ಸೂಚಿಸಬಯಸುತ್ತೇವೆ. ಕಿವಿಗೆ ಒರಟೆನಿಸಬಹುದು, ಕದಿರುಗಾಯಿ, ಬುಗುರಿಗಾಯಿಗಳು ಅಷ್ಟು ಒರಟಲ್ಲ.

ಇದು ಬರಿಯ ಶಬ್ದದ ಚರ್ಚೆಯಲ್ಲ. ಸಸ್ಯಸಂಗ್ರಹಾಲಯದಲ್ಲಿ ಗಿಡವನ್ನು ಕಾಗದಗಳ ನಡುವೆ ಒತ್ತಿ ಒಣಗಿಸಿಡುತ್ತಾರೆ. ಎಲೆ ಹೆಚ್ಚು ಕೆಡುವುದಿಲ್ಲ. ಮೆತ್ತನೆಯ ಕಾಯಿ, ಹೂಗಳ ಮೂರನೆಯ ಆಯಾಮ ಅಲ್ಲಿಯೇ ಅಳಿಯುತ್ತದೆ. ಕಾಂಡ್ಲದ ನಾಶವನ್ನು ಮುಂಬಯಿ ಉಚ್ಚ ನ್ಯಾಯಾಲಯ 2005ರಲ್ಲಿ ತಡೆದು, 2018ರ ತೀರ್ಪಿನಲ್ಲಿ ಮತ್ತೂ ಬಿಗಿಗೊಳಿಸಿದೆ. ಠಾಣೆ ಖಾರಿಗೆ 2022ರಲ್ಲಿ ರಾಮ್ಸಾರ್ ಮನ್ನಣೆಯೂ ದೊರೆತಿದೆ. ಆದರೂ ಮಣ್ಣು ತುಂಬಿ ಕಟ್ಟಡವೆದ್ದ ಅಂಚುಗಳಲ್ಲಿ ಗಿಡವನ್ನು ಮತ್ತೆ ಹೋಗಿ ನೋಡುವಂತಿಲ್ಲ. ಅಲ್ಲಿಂದ ಹಿಂದೆಂದೋ ತಂದ ತಿವರದ ಕಾಯಿಯೊಂದು ಹಾಳೆಯ ಮೇಲೆ ಚಪ್ಪಟೆಯಾಗಿ ಕುಳಿತಿದ್ದರೆ, ಆ ಚಪ್ಪಟೆತನದಲ್ಲಿ ಗಿಡದ್ದೆಷ್ಟು, ಒತ್ತಿದ ಹಲಗೆಯದೆಷ್ಟು ಎಂಬುದನ್ನು ಪಕ್ಕದ ಚೀಟಿಯಲ್ಲಿ ಬರೆದ ಪದವೊಂದೇ ಹೇಳಬೇಕು. ಆ ಚೀಟಿಯಲ್ಲಿ 'ಅಂಡಾಕಾರ' ಎಂದಷ್ಟೇ ಇದ್ದರೆ ಅದು ಹೇಳುವುದಿಲ್ಲ.